ರಸ್ತೆ ಬಾರದೇ ಉಳಿದ ಕಡಲತೀರ: ಸಿಸಿಲಿಯ ಜಿಂಗರೊದಲ್ಲಿ ನಾನು ನಡೆದ ದಾರಿ

ಜಿಂಗರೊ ನಿಸರ್ಗಧಾಮಕ್ಕೆ ಹೋಗುತ್ತೇನೆ ಅಂದವರಿಗೆ ನಾನು ಮೊದಲು ಹೇಳುವುದು ನೀರಿನ ಮಾತನ್ನೇ. ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್, ಬಿಸಿಲು ಜಾಸ್ತಿ ಇದ್ದರೆ ಮೂರು. ಒಳಗೆ ಹೋಟೆಲ್ ಇಲ್ಲ, ಗೂಡಂಗಡಿ ಇಲ್ಲ, ಎಳನೀರು ಮಾರುವವರಂತೂ ಇಲ್ಲವೇ ಇಲ್ಲ. ಕಾರಿನ ಮಾತು ಬಿಡಿ, ಸೈಕಲ್ಲನ್ನೂ ಒಳಗೆ ಬಿಡುವುದಿಲ್ಲ. ನಾಯಿ ಕರೆದುಕೊಂಡು ಹೋಗುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಟೆಂಟ್ ಹಾಕುವಂತಿಲ್ಲ. ಏನು ಬೇಕೋ ಅದನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಬೇಕು, ಕಸವನ್ನೂ ಹಾಗೇ ವಾಪಸ್ ತರಬೇಕು.

ಜಾಗ ಇರುವುದು ಇಟಲಿಯ ಸಿಸಿಲಿ ದ್ವೀಪದ ವಾಯವ್ಯ ಮೂಲೆಯಲ್ಲಿ. ದಕ್ಷಿಣಕ್ಕೆ ಸ್ಕೊಪೆಲ್ಲೊ ಅನ್ನುವ ಪುಟ್ಟ ಹಳ್ಳಿ, ಉತ್ತರಕ್ಕೆ ಸಾನ್ ವೀತೊ ಲೊ ಕಾಪೊ ಅನ್ನುವ ಬೀಚ್ ಊರು. ಇವೆರಡರ ನಡುವಿನ ಸುಮಾರು 7 ಕಿ.ಮೀ. ಕರಾವಳಿ, ಅದರ ಹಿಂದಿನ ಗುಡ್ಡಗಳೂ ಸೇರಿ ಸುಮಾರು 1,650 ಹೆಕ್ಟೇರ್. ಇಷ್ಟು ಉದ್ದಕ್ಕೂ ಒಂದು ಡಾಂಬರು ರಸ್ತೆ ಇಲ್ಲ.

ರಸ್ತೆ ಬರಬೇಕಿತ್ತು, ಬರಲಿಲ್ಲ. ಎರಡೂ ಊರನ್ನು ಸೇರಿಸಲು ಸಮುದ್ರದ ಅಂಚಿನಲ್ಲೇ ರಸ್ತೆ ಮಾಡುವ ಕೆಲಸ ಶುರುವಾಗಿತ್ತು. ಸ್ಕೊಪೆಲ್ಲೊ ಕಡೆಯಿಂದ ಬಂಡೆ ಸಿಡಿಸಿ ಸುರಂಗವನ್ನೂ ಕೊರೆದಿದ್ದರು. 1980ರ ಮೇ 18ರಂದು ಸಾವಿರಾರು ಜನ ಇಲ್ಲಿಗೆ ಬಂದು ರಸ್ತೆ ಬೇಡ ಅಂತ ಇದೇ ಜಾಗದಲ್ಲಿ ಮೆರವಣಿಗೆ ನಡೆಸಿದರು. ಮುಂದಿನ ವರ್ಷ, 1981ರ ಮೇ ತಿಂಗಳಲ್ಲಿ ಸಿಸಿಲಿಯ ಪ್ರಾದೇಶಿಕ ಸರ್ಕಾರ ಕಾನೂನು ತಂದಿತು. ಹೀಗೆ ಇದು ಸಿಸಿಲಿಯ ಮೊದಲ ಸಂರಕ್ಷಿತ ನಿಸರ್ಗಧಾಮ ಆಯಿತು. ಆ ಸುರಂಗ ಇವತ್ತಿಗೂ ಇದೆ. ದಕ್ಷಿಣದ ಗೇಟಿನಿಂದ ಹೋದರೆ ಅದರೊಳಗಿಂದಲೇ ನಡೆದು ಹೋಗಬೇಕು. ರಸ್ತೆಗಾಗಿ ಕೊರೆದದ್ದು ನಡೆಯುವವರಿಗೆ ಬಾಗಿಲಾಗಿದೆ, ಚೆನ್ನಾಗಿದೆ ಅಲ್ವಾ?

ನಾನು ಸ್ಕೊಪೆಲ್ಲೊ ಕಡೆಯಿಂದಲೇ ಹೋದೆ. ಕಾರಣ ಬ್ರೆಡ್ಡು. ಅಲ್ಲಿ ಪಾನೆ ಕುನ್ಸಾತೊ ಅಂತ ಸಿಗುತ್ತದೆ: ಬಿಸಿ ಬ್ರೆಡ್ಡನ್ನು ಸೀಳಿ ಆಲಿವ್ ಎಣ್ಣೆ, ಟೊಮೆಟೊ, ಚೀಸ್, ಓರೆಗಾನೊ ಹಾಕಿ ಕೊಡುತ್ತಾರೆ. ಆಂಚೊವಿ ಅನ್ನುವ ಸಣ್ಣ ಉಪ್ಪುಮೀನನ್ನೂ ಸೇರಿಸುತ್ತಾರೆ. ಸಸ್ಯಾಹಾರಿಗಳು ‘ಸೆನ್ಸಾ ಅಚ್ಚೂಗೆ’ ಅಂದರೆ ಸಾಕು, ಮೀನು ಬಿಟ್ಟು ಕೊಡುತ್ತಾರೆ. ಕಟ್ಟಿಸಿಕೊಂಡು ಹೋಗಿ. ಮಧ್ಯಾಹ್ನದ ಹೊತ್ತಿಗೆ ಎಣ್ಣೆ, ಟೊಮೆಟೊ ರಸ ಎಲ್ಲ ಬ್ರೆಡ್ಡಿಗೆ ಇಳಿದು ಇನ್ನೂ ರುಚಿಯಾಗಿರುತ್ತದೆ.

ಟಿಕೆಟ್ ನಾನು ಹೋದಾಗ 5 ಯೂರೋ ಇತ್ತು. ಜೊತೆಗೆ ಒಂದು ನಕ್ಷೆ ಇಟ್ಟುಕೊಳ್ಳಿ, ಏಕೆಂದರೆ ದಾರಿ ಮೂರು: ಸಮುದ್ರದ ಪಕ್ಕದ್ದು, ಗುಡ್ಡದ ನಡುವಿನದ್ದು, ಮೇಲಿನದ್ದು. ಹೆಚ್ಚಿನವರು ಕೆಳಗಿನದ್ದರಲ್ಲೇ ಹೋಗಿ ಅದರಲ್ಲೇ ವಾಪಸ್ ಬರುತ್ತಾರೆ. ನಾನು ಕೆಳಗೆ ಹೋಗಿ ನಡುವಿನ ದಾರಿಯಲ್ಲಿ ಮರಳಿದೆ. ಕಾಲಿಗೆ ಶಕ್ತಿ ಇದ್ದರೆ ನೀವೂ ಹಾಗೇ ಮಾಡಿ.

ಹೊತ್ತಿನ ಲೆಕ್ಕ ಇಲ್ಲಿ ಮುಖ್ಯ. ಈ ಕರಾವಳಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ, ದಾರಿಯಲ್ಲಿ ಮರದ ನೆರಳು ತೀರಾ ಕಡಿಮೆ. ಗೇಟ್ ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಇನ್ನೊಂದು ಕಡೆ, ಗುಡ್ಡ ಪಶ್ಚಿಮಕ್ಕಿರುವುದರಿಂದ ಸಂಜೆ ನೆರಳು ಬೇಗ ಇಳಿಯುತ್ತದೆ. ನೀರಿನ ಆ ನೀಲಿ-ಹಸಿರು ಬಣ್ಣ ನೋಡಬೇಕಾದರೆ ಬೆಳಿಗ್ಗೆಯೇ ಸರಿ.

ದಾರಿಯುದ್ದಕ್ಕೂ ಪುಟ್ಟ ಪುಟ್ಟ ಕೊಲ್ಲಿಗಳು. ಮೊದಲು ಸಿಗುವುದು ಕಾಲಾ ಕಪ್ರೇರಿಯಾ, ಗೇಟಿನಿಂದ ಸುಮಾರು ಇಪ್ಪತ್ತು ನಿಮಿಷ. ಜನರೆಲ್ಲ ಅಲ್ಲೇ ಚಾಪೆ ಹಾಸಿಬಿಡುತ್ತಾರೆ. ಉತ್ತರದ ಗೇಟಿನಿಂದ ಬರುವವರು ಟೊನ್ನರೆಲ್ಲಾ ದೆಲ್ ಉಝೊದಲ್ಲಿ ನಿಲ್ಲುತ್ತಾರೆ. ಹಾಗಾಗಿ ನಡುವೆ ಇರುವ ದಿಸಾ, ಬೆರೆತ್ತಾ, ಮಾರಿನೆಲ್ಲಾ ಕೊಲ್ಲಿಗಳಲ್ಲಿ ಗಲಾಟೆ ಕಡಿಮೆ. ನಾನು ಬುತ್ತಿ ಬಿಚ್ಚಿದ್ದು ಬೆರೆತ್ತಾದಲ್ಲಿ. ಮರಳು ಹುಡುಕಬೇಡಿ, ಎಲ್ಲ ಬಿಳಿ ಗುಂಡುಕಲ್ಲು. ನೀರಿಗಿಳಿಯುವಾಗ ರಬ್ಬರ್ ಚಪ್ಪಲಿ ಇದ್ದರೆ ಪಾದಕ್ಕೆ ಸುಖ.

ಈ ಕಡೆಯ ಸಮುದ್ರದ ದಡಗಳಲ್ಲಿ ಕೆಲವೊಮ್ಮೆ ಕಂದು ಬಣ್ಣದ ಎಲೆಗಳ ರಾಶಿ ಕಾಣುತ್ತದೆ. ಕಸ ಅಂದುಕೊಂಡು ಮೂಗು ಮುರಿಯುವವರೇ ಜಾಸ್ತಿ. ಅದು ಪೊಸಿಡೋನಿಯಾ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಬೆಳೆಯುವ ಹುಲ್ಲು. ಪಾಚಿಯಲ್ಲ, ಹೂ ಬಿಡುವ ಗಿಡ. ಮೀನು ಮರಿ ಮಾಡುವುದು ಅದರ ಮರೆಯಲ್ಲಿ. ಒಣಗಿ ದಡಕ್ಕೆ ಬಂದ ರಾಶಿ ಅಲೆಯ ಹೊಡೆತವನ್ನೂ ತಡೆಯುತ್ತದೆ.

ಉತ್ತರದ ಕಡೆ ಉಝೊ ಗುಹೆ ಇದೆ. ದೊಡ್ಡ ಬಾಯಿ, ಒಳಗೆ ತಂಪು. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಜನ ಇಲ್ಲಿ ಬದುಕಿದ್ದರು, ತಮ್ಮವರನ್ನು ಇಲ್ಲೇ ಹೂಳಿದ್ದರು. ಅಗೆದಾಗ ಸಿಕ್ಕ ಮೂಳೆಗಳಲ್ಲಿ ಊಟದ ಕಥೆಯೇ ಇದೆ: ಮೊದಲು ಜಿಂಕೆ, ಆಮೇಲೆ ಮೀನು-ಚಿಪ್ಪು ಜಾಸ್ತಿಯಾಯಿತು, ಆಮೇಲೆ ಕುರಿ ಮತ್ತು ಧಾನ್ಯ. ನಾನು ಇಡೀ ದಾರಿಯಲ್ಲಿ ಹೆಚ್ಚು ಹೊತ್ತು ನಿಂತದ್ದು ಈ ಗುಹೆಯ ಮುಂದೆ. ಸುಮ್ನೆ ಈಜಿ ಬರುವವರು ಇದನ್ನು ದಾಟಿಯೇ ಹೋಗಿಬಿಡುತ್ತಾರೆ.

ಮರಳುವಾಗ ನಡುವಿನ ದಾರಿಗೆ ಹತ್ತಬೇಕು, ಏರು ಸ್ವಲ್ಪ ಉಸಿರು ಕಟ್ಟಿಸುತ್ತದೆ. ಆದರೆ ಕೊಲ್ಲಿಗಳನ್ನೆಲ್ಲ ಮೇಲಿಂದ ನೋಡಬಹುದು. ಸುತ್ತ ಕುಳ್ಳ ತಾಳೆಗಳು. ಇದು ಯೂರೋಪಿನ ಮುಖ್ಯ ಭೂಭಾಗದಲ್ಲೂ ತಾನಾಗಿ ಬೆಳೆಯುವ ತಾಳೆ ಜಾತಿ. ಹಿಂದೆ ಇದರ ಗರಿಯಿಂದ ಪೊರಕೆ, ಬುಟ್ಟಿ, ಹಗ್ಗ ಮಾಡುತ್ತಿದ್ದರು, ಒಳಗಿನ ಪುಟ್ಟ ಮ್ಯೂಸಿಯಂನಲ್ಲಿ ಅವನ್ನು ಇಟ್ಟಿದ್ದಾರೆ. 2020ರ ಆಗಸ್ಟ್ ಕೊನೆಯಲ್ಲಿ ಬಿದ್ದ ಬೆಂಕಿ ಇಲ್ಲಿನ ಬಹುಭಾಗವನ್ನು ಸುಟ್ಟುಹಾಕಿತು. ಕಾಂಡ ಕರಿಯಾಗಿದ್ದರೂ ತಲೆಯಲ್ಲಿ ಹಸಿರು ಗರಿ ಬಂದ ತಾಳೆಗಳನ್ನು ನಾನು ಕಂಡೆ. ಬೆಂಕಿಯ ನಂತರವೂ ಚಿಗುರುವ ಗಿಡ ಅದು. ಸುಟ್ಟ ಮರಗಳು ಅಷ್ಟು ಬೇಗ ಬರುವುದಿಲ್ಲ.

ನನ್ನ ಕೇಳಿದರೆ ಆಗಸ್ಟ್ ಬೇಡ. ಬಿಸಿಲು, ಜನ, ಬೆಂಕಿಯ ಭಯ, ಮೂರೂ ಒಟ್ಟಿಗೆ. ಏಪ್ರಿಲ್-ಮೇ ಚೆಂದ, ಗುಡ್ಡ ಹೂವಾಗಿರುತ್ತದೆ, ನೀರು ಮಾತ್ರ ಇನ್ನೂ ಕೊರೆಯುತ್ತದೆ. ಈಜಲೇಬೇಕು ಅನ್ನುವವರು ಸೆಪ್ಟೆಂಬರ್ ಕೊನೆಗೆ ಹೋಗಿ. ಕಾರನ್ನು ಸ್ಕೊಪೆಲ್ಲೊ ಕಡೆ ನಿಲ್ಲಿಸಿ ಉತ್ತರದ ಗೇಟಿನಲ್ಲಿ ಹೊರಬಂದರೆ, ಗುಡ್ಡದ ಹಿಂದಿನಿಂದ ಸುತ್ತಿಕೊಂಡೇ ಕಾರಿಗೆ ಬರಬೇಕು. ಆದ್ದರಿಂದ ಹೋದ ಗೇಟಿಗೇ ಮರಳುವಂತೆ ಹೊತ್ತು ನೋಡಿಕೊಳ್ಳಿ, ಗೇಟ್ ಮುಚ್ಚುವ ಸಮಯವನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.