ಮೀನಿಗಿಂತ ಮೊದಲು ಟ್ಯಾಂಕಿಗೆ ಊಟ ಹಾಕಿ

ಹೊಸ ಅಕ್ವೇರಿಯಂ ಕೊಂಡವರಿಗೆ ಅಂಗಡಿಯಲ್ಲಿ ಸಿಗುವ ಸಲಹೆ ಹೆಚ್ಚಾಗಿ ಒಂದೇ. "ನೀರು ತುಂಬಿಸಿ, ಎರಡು ದಿನ ಫಿಲ್ಟರ್ ಓಡಿಸಿ, ಆಮೇಲೆ ಬಂದು ಮೀನು ತಗೊಂಡು ಹೋಗಿ." ಎರಡು ದಿನವಲ್ಲ, ಎರಡು ತಿಂಗಳು ಓಡಿಸಿದರೂ ಸುಮ್ನೆ ಕರೆಂಟ್ ದಂಡ. ಟ್ಯಾಂಕಿನಲ್ಲಿ ತಿನ್ನೋಕೆ ಏನೂ ಇಲ್ಲದಿದ್ದರೆ, ಮೀನಿನ ಕೊಳೆಯ ವಿಷ ಕಳೆಯುವ ಬ್ಯಾಕ್ಟೀರಿಯಾ ಬೆಳೆಯೋದಾದರೂ ಹೇಗೆ?

ವಿಷಯ ಇಷ್ಟೇ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಅದರ ಹಿಕ್ಕೆ, ತಿಂದು ಬಿಟ್ಟ ಆಹಾರ ಕೊಳೆತರೂ ಅಮೋನಿಯಾ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆಗಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ಇರೋದು ಕಡಿಮೆ. ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗ್, ತಳದ ಕಲ್ಲು ಮರಳಿಗೆ ಅಂಟಿಕೊಂಡು ಬದುಕುತ್ತವೆ. ಹಾಗಾಗಿ ಯಾರದೋ ಟ್ಯಾಂಕಿನ "ಹಳೇ ನೀರು" ತಂದು ಸುರಿದರೆ ಏನೂ ಆಗುವುದಿಲ್ಲ. ತರುವುದಿದ್ದರೆ ಅವರ ಸ್ಪಂಜಿನ ಒಂದು ತುಂಡು ತನ್ನಿ. ಒಣಗದಂತೆ ಅದೇ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ತುರುಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಶುರುವಾಗುತ್ತದೆ. ಆದರೆ ಆ ಟ್ಯಾಂಕಿನಲ್ಲಿ ಕಾಯಿಲೆ ಬಿದ್ದ ಮೀನು ಇಲ್ಲ ಅಂತ ನೋಡಿಕೊಂಡೇ ತನ್ನಿ.

ನಮ್ಮ ಹಾಲ್‌ನಲ್ಲಿರೋದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಸುಮಾರು 50 ಲೀಟರ್ ಅಂತಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದಕ್ಕೇ.

ಬೆಂಗಳೂರಿನ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ, ಅಲ್ವಾ? ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ, ಇಲ್ಲವೇ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ. ಬೋರ್‌ವೆಲ್ ನೀರಾದರೆ ಈ ಚಿಂತೆ ಇಲ್ಲ, ಆದರೆ ಅದರಲ್ಲಿ ನೈಟ್ರೇಟ್ ಮೊದಲೇ ಇರಬಹುದು. ನಲ್ಲಿ ನೀರನ್ನೇ ಒಮ್ಮೆ ಪರೀಕ್ಷೆ ಮಾಡಿ ಬರೆದಿಟ್ಟುಕೊಂಡರೆ ಆಮೇಲೆ ಗೊಂದಲವಿಲ್ಲ. ಬರೀ ಆರ್‌ಒ ನೀರು ಮಾತ್ರ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಬ್ಯಾಕ್ಟೀರಿಯಾದ ಊಟದ ವಿಷಯ, ಅಂದರೆ ಅಮೋನಿಯಾ. ಕೆಲವರು ಸಿಗಡಿ ತುಂಡನ್ನೋ ಮೀನಿನ ಆಹಾರವನ್ನೋ ಹಾಕಿ ಕೊಳೆಯಲು ಬಿಡುತ್ತಾರೆ. ಆಗುತ್ತದೆ, ಆದರೆ ವಾಸನೆ, ಮತ್ತೆ ಅಳತೆ ಸಿಗುವುದಿಲ್ಲ. ನನಗೆ ಇಷ್ಟ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುವ ನವಸಾಗರ ಇದೇ. ಆದರೆ ಅವರ ಹತ್ತಿರದ್ದು ಎಷ್ಟು ಶುದ್ಧವೋ ಹೇಳೋಕಾಗಲ್ಲ. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಿಂದ ತನ್ನಿ. 10 ಗ್ರಾಂ ತೂಗಿ, ನೀರಲ್ಲಿ ಕರಗಿಸಿ ಒಟ್ಟು ಅರ್ಧ ಲೀಟರ್ ಮಾಡಿ. ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜಲ್ಲಿ 16 ಎಂಎಲ್ ಎಳೆದು ಟ್ಯಾಂಕಿಗೆ ಬಿಟ್ಟರೆ 50 ಲೀಟರಿಗೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ. ಜಾಸ್ತಿ ಹಾಕಿದರೆ ಬೇಗ ಆಗುತ್ತೆ ಅನ್ನೋದು ಸುಳ್ಳು. 5 ದಾಟಿದರೆ ಕೆಲಸ ನಿಧಾನವಾಗುತ್ತದೆ.

ಟೆಸ್ಟ್ ಕಿಟ್ ಇಲ್ಲದೆ ಇದೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ. ನೀರಲ್ಲಿ ಅದ್ದುವ ಪಟ್ಟಿಗಿಂತ ಹನಿ ಹಾಕುವ ಕಿಟ್ ವಾಸಿ. ನನ್ನದು ಎಪಿಐ ಕಂಪನಿಯದು. ಅಮೋನಿಯಾ ಇಲ್ಲದಿದ್ದರೆ ಟ್ಯೂಬು ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿ ನೀಲಿ, ಇದ್ದರೆ ನೇರಳೆ. ನೈಟ್ರೇಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ಟ್ಯೂಬನ್ನು ಮತ್ತೆ ಒಂದು ನಿಮಿಷ. ಕುಲುಕದೆ ನೋಡಿ "ನೈಟ್ರೇಟೇ ಬರ್ತಿಲ್ಲ" ಅಂತ ಫೋನ್ ಮಾಡುವವರು ಬಹಳ ಜನ.

ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ನೀರು ಬೆಳ್ಳಗೆ ಮಬ್ಬಾಗಬಹುದು, ಗಾಬರಿ ಬೇಡ, ತಾನೇ ತಿಳಿಯಾಗುತ್ತದೆ. ಒಂದೆರಡು ವಾರದಲ್ಲಿ ಅಮೋನಿಯಾ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಸಿರಿಂಜು.

ತಾಳ್ಮೆ ಕೆಡೋದು ಇಲ್ಲಿಂದ ಮುಂದೆ. ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ನಿಧಾನ. ದಿನಾ ನೋಡಿದರೂ ಟ್ಯೂಬಿನಲ್ಲಿ ಅದೇ ನೇರಳೆ. ಕಿಟ್ ಕೆಟ್ಟಿಲ್ಲ. 2 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೈಟ್ ಆದರೆ 5 ದಾಟುತ್ತದೆ, ಕಿಟ್‌ನ ಬಣ್ಣದ ಚಾರ್ಟು 5ಕ್ಕೇ ಮುಗಿಯುತ್ತದೆ. ಮೂರು ಸಲ ಹಾಕಿದ್ದರೆ ನಿಜವಾಗಿ 15 ಇದ್ದರೂ ಕಣ್ಣಿಗೆ ಒಂದೇ ಬಣ್ಣ. ಆಗ ಹಾಕುವ ಅಮೋನಿಯಾವನ್ನು ಅರ್ಧಕ್ಕೆ (8 ಎಂಎಲ್‌ಗೆ) ಇಳಿಸಿ, ಅರ್ಧ ಟ್ಯಾಂಕ್ ನೀರು ಬದಲಿಸಿ. ಬ್ಯಾಕ್ಟೀರಿಯಾ ಹೊರಟುಹೋಗಲ್ಲ, ಅವು ಸ್ಪಂಜಿನಲ್ಲಿವೆ.

ಅಮೋನಿಯಾನೂ ಇಳಿಯುತ್ತಿಲ್ಲ ಅಂದರೆ ಪಿಎಚ್ ನೋಡಿ (ನೀರು ಎಷ್ಟು ಆಮ್ಲೀಯ ಅನ್ನೋ ಅಳತೆ, ಆಮ್ಲ ಹೆಚ್ಚಾದಷ್ಟೂ ಅಂಕಿ ಇಳಿಯುತ್ತದೆ). ಈ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಆಮ್ಲ ಬಿಡುತ್ತವೆ. ಅದನ್ನು ತಡೆದುಕೊಳ್ಳುವ ಶಕ್ತಿ ಆರ್‌ಒ ನೀರಿಗಿಲ್ಲ. ಪಿಎಚ್ 6ರ ಹತ್ತಿರ ಬಂದರೆ ಎಲ್ಲ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ, ಅಥವಾ ಸ್ವಲ್ಪ ಬೋರ್‌ವೆಲ್ ನೀರು ಬೆರೆಸಿ.

ಫಿಲ್ಟರ್ ಹಗಲೂ ರಾತ್ರಿ ಓಡಬೇಕು, ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿಗೇ ಕೊಡಿ. ಲೈಟ್ ಬೇಕಾಗಿಲ್ಲ, ಉರಿಸಿದರೆ ಪಾಚಿ ಅಷ್ಟೇ. ಮೀನಿಲ್ಲದ ಟ್ಯಾಂಕಿಗೂ "ಇರಲಿ" ಅಂತ ಅಂಗಡಿಯವರು ಕೊಡುವ ನೀಲಿ ಔಷಧಿ (ಮೆಥಿಲೀನ್ ಬ್ಲೂ) ಹಾಕಲೇಬೇಡಿ, ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ಅದೇ ಕುತ್ತು.

ನಾಲ್ಕರಿಂದ ಆರು ವಾರ ಸಾಮಾನ್ಯ. ಮುಗಿದಿದೆಯಾ ಅಂತ ತಿಳಿಯೋಕೆ ಮತ್ತೆ ಪೂರ್ತಿ 16 ಎಂಎಲ್ ಹಾಕಿ, 24 ಗಂಟೆ ಬಿಟ್ಟು ನೋಡಿ. ಅಮೋನಿಯಾ ಹಳದಿ, ನೈಟ್ರೈಟ್ ತಿಳಿ ನೀಲಿ, ಎರಡೂ ಸೊನ್ನೆ ಬಂದರೆ ಆಯಿತು. ಮುಕ್ಕಾಲು ಭಾಗ ನೀರು ಬದಲಿಸಿ ನೈಟ್ರೇಟ್ ಇಳಿಸಿ, ಮರುದಿನವೇ ಮೀನು ತರಬಹುದು. ತಡವಾಗುತ್ತೆ ಅಂದರೆ ಅಲ್ಲಿವರೆಗೆ ದಿನಾ 8 ಎಂಎಲ್ ಹಾಕುತ್ತಿರಿ.

ಈ ಅಳತೆಯ ಟ್ಯಾಂಕಿಗೆ ಮೊದಲು ಐದಾರು ಗಪ್ಪಿ ಸಾಕು. ಗೋಲ್ಡ್‌ಫಿಶ್‌ಗೆ ಇದು ಚಿಕ್ಕದು, ಅಂಗಡಿಯವರು ಏನೇ ಹೇಳಲಿ. ಮುಂದೆ ಸ್ಪಂಜು ಕಟ್ಟಿಕೊಂಡಾಗ ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ನೀರು ಬದಲಿಸುವ ದಿನ, ಟ್ಯಾಂಕಿಂದ ತೆಗೆದ ನೀರಿನ ಬಕೆಟ್‌ನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ.