‘ಒಳಗೆ’ ಬೇರೆ, ‘ತನಕ’ ಬೇರೆ

ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬೆಂಗಳೂರಿನ ಒಂದು ಸಿದ್ಧ ಉಡುಪು ರಫ್ತು ಕಚೇರಿಗೆ ಸೇರಿದ ಹೊಸತು. ಮಾದರಿ ಅಂಗಿಗಳನ್ನು 20ನೇ ತಾರೀಖಿನೊಳಗೆ ಕಳಿಸುತ್ತೇವೆ ಎಂದು ಇಂಗ್ಲೆಂಡಿನ ಗ್ರಾಹಕರಿಗೆ ತಿಳಿಸಬೇಕಿತ್ತು. ‘ಬೈ’ ಎಂದು ಬರೆಯಬೇಕಾದಲ್ಲಿ ‘ಅಂಟಿಲ್’ ಎಂದು ಬರೆದೆ. ಮಾರನೆಯ ದಿನ ಉತ್ತರ ಬಂತು: ಹಾಗಾದರೆ ಒಟ್ಟು ಎಷ್ಟು ಕಂತುಗಳಲ್ಲಿ ಕಳಿಸುತ್ತೀರಿ, 20ರ ನಂತರ ಏಕೆ ನಿಲ್ಲಿಸುತ್ತೀರಿ? ಮೇಲಧಿಕಾರಿಗಳು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

ಅವಮಾನಕ್ಕಿಂತ ಹೆಚ್ಚಾಗಿ ಕಾಡಿದ್ದು, ಈ ವ್ಯತ್ಯಾಸ ನನಗೆ ಕನ್ನಡದಲ್ಲಿ ಗೊತ್ತೇ ಇತ್ತಲ್ಲ ಎಂಬುದು. ‘ಶುಕ್ರವಾರದೊಳಗೆ ಬಾ’ ಎನ್ನುವುದಕ್ಕೂ ‘ಶುಕ್ರವಾರದ ತನಕ ಇರು’ ಎನ್ನುವುದಕ್ಕೂ ಯಾವ ಮಗುವೂ ಗೊಂದಲಪಡುವುದಿಲ್ಲ. ಒಮ್ಮೆ ನಡೆದು ಮುಗಿಯುವ ಕೆಲಸಕ್ಕೆ ‘ಬೈ’, ಎಳೆದುಕೊಂಡು ಹೋಗುವ ಕೆಲಸಕ್ಕೆ ‘ಅಂಟಿಲ್’. ಅಂದಿನಿಂದ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡೇ ಬರೆಯತೊಡಗಿದೆ.

ಆದರೆ ಈ ಉಪಾಯ ‘ಸಿನ್ಸ್’ ಮತ್ತು ‘ಫಾರ್’ ಎದುರು ಸೋತಿತು. ‘2018ರಿಂದ’, ‘ಐದು ವರ್ಷಗಳಿಂದ’: ಎರಡಕ್ಕೂ ನಮ್ಮದು ಒಂದೇ ‘ಇಂದ’. ನಾವು ‘ಸಿನ್ಸ್ ಫೈವ್ ಇಯರ್ಸ್’ ಎನ್ನುವುದು ಇದರಿಂದಲೇ. ಕೊನೆಗೆ ಗೋಡೆಯ ಮೇಲಿನ ಕ್ಯಾಲೆಂಡರ್ ದಾರಿ ತೋರಿಸಿತು. ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಬಹುದಾದರೆ ‘ಸಿನ್ಸ್’. ಎಷ್ಟು ದಿನ, ಎಷ್ಟು ವರ್ಷ ಎಂದು ಎಣಿಸಬೇಕಾದರೆ ‘ಫಾರ್’. ಇದೇ ಪರೀಕ್ಷೆ ‘ಒಳಗೆ’ ಎಂಬುದಕ್ಕೂ ಒದಗಿದಾಗ ನನಗೇ ಆಶ್ಚರ್ಯವಾಯಿತು. ‘20ರೊಳಗೆ’ ಎಂದರೆ ಬೆರಳಿಡುವ ಜಾಗ, ಅದು ‘ಬೈ’. ‘ಎರಡು ದಿನಗಳೊಳಗೆ’ ಎಂದರೆ ಎಣಿಕೆ, ಅದು ‘ವಿದಿನ್’. ಕ್ರಿಯಾಪದದ ತೊಡಕು ಮಾತ್ರ ಉಳಿಯಿತು: ‘ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನಲು ಇಂಗ್ಲಿಷಿನಲ್ಲಿ ‘ಆಮ್ ವರ್ಕಿಂಗ್’ ಸಾಲದು, ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಅದನ್ನು ಉರು ಹೊಡೆದೇ ಕಲಿತೆ.

‘ಡ್ಯೂರಿಂಗ್’, ‘ವೈಲ್’ ಸುಲಭ. ‘ಊಟದ ಹೊತ್ತಿನಲ್ಲಿ’ ಎಂಬುದು ಮೊದಲನೆಯದು, ‘ಊಟ ಮಾಡುತ್ತಿರುವಾಗ’ ಎಂಬುದು ಎರಡನೆಯದು.

‘ಇನ್ನೂ’ ಎಂಬುದು ಹೆಚ್ಚು ಚೇಷ್ಟೆಯ ಪದ. ಮಳೆ ಇನ್ನೂ ಬರುತ್ತಿದ್ದರೆ ‘ಸ್ಟಿಲ್’, ಇನ್ನೂ ಬಂದಿಲ್ಲವಾದರೆ ಸಾಮಾನ್ಯವಾಗಿ ‘ಯೆಟ್’. ‘ಇಲ್ಲ’ ಎಂಬಲ್ಲಿಯೂ ‘ಸ್ಟಿಲ್’ ಬರಬಹುದು, ಆದರೆ ಆಗ ಮಾತಿನಲ್ಲಿ ಅಸಹನೆ ಸೇರಿಕೊಳ್ಳುತ್ತದೆ. ಬಾಕಿ ಹಣ ಇನ್ನೂ ಬಂದಿಲ್ಲ ಎಂದು ಬರೆಯುವಾಗ ಮೊದಲ ಪತ್ರಕ್ಕೆ ‘ಯೆಟ್’ ಬಳಸುತ್ತೇನೆ. ಮೂರನೆಯ ಪತ್ರಕ್ಕೆ ‘ಸ್ಟಿಲ್’, ಬೇಕೆಂದೇ.

ಕೆಲವು ಪದಗಳನ್ನು ಮುಟ್ಟುವುದೇ ಇಲ್ಲ. ‘ಬೈಮಂತ್ಲಿ’ ಎಂದರೆ ತಿಂಗಳಿಗೆ ಎರಡು ಸಲವೂ ಹೌದು, ಎರಡು ತಿಂಗಳಿಗೆ ಒಂದು ಸಲವೂ ಹೌದು. ‘ನೆಕ್ಸ್ಟ್ ಫ್ರೈಡೇ’ ಎಂದರೆ ಈ ಶುಕ್ರವಾರವೋ ಅದರಾಚೆಯದೋ ಎಂಬ ವಿಷಯದಲ್ಲಿ ಇಂಗ್ಲಿಷ್ ಮನೆಮಾತಿನವರಲ್ಲೇ ಒಮ್ಮತವಿಲ್ಲ. ಅಲ್ಲಿ ನೇರವಾಗಿ ತಾರೀಖು ಹಾಕುತ್ತೇನೆ, ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇನೆ. 5/6 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6.