ರ‍್ಯಾಕ್ ಎನ್‌ಹ್ಯಾನ್ಸರ್ ಹಾಕಿ ಗಿಟಾರ್ ಸೌಂಡ್ ಬಿಡಿಸಿಕೊಂಡಿದ್ದು: ನನ್ನ ಅನುಭವ

ಹೋದ ಗಣಪತಿ ಸೀಸನ್ನಿನಲ್ಲಿ ತಿಪಟೂರಿನಲ್ಲಿ ಒಂದು ಪ್ರೋಗ್ರಾಂ ಮುಗಿಸಿ ಕೇಬಲ್ ಸುತ್ತುತ್ತಿದ್ದೆ. ನಮ್ಮ ಕೀಬೋರ್ಡಿನ ಅಣ್ಣ ಹತ್ತಿರ ಬಂದು, "ಏನಪ್ಪಾ, ಆಂಪ್ ಬದಲಾಯಿಸಿದ್ಯಾ?" ಅಂದರು. ಆಂಪ್ ಅದೇ. ಗಿಟಾರೂ ಅದೇ. ಪೆಡಲ್‌ಗಳೂ ಅವೇ. ಹೊಸದಾಗಿ ಸೇರಿದ್ದರಲ್ಲಿ ಮುಖ್ಯವಾದದ್ದು ಆಂಪಿನ ಪಕ್ಕ ಕೂತಿದ್ದ ಒಂದು ಯೂನಿಟ್ (ಒಂದು ಮುಕ್ಕಾಲು ಇಂಚು) ಎತ್ತರದ ಡಬ್ಬಿ. ಎರಡು ವರ್ಷದ ಹಿಂದೆ ಇದೇ ಅಣ್ಣ ಅದನ್ನು ನೋಡಿ, "ಇದು ಡಿಜೆಗಳು ಹಾಕೋದು ಕಣೋ, ಗಿಟಾರಿಗೆ ಹಾಕಿದ್ರೆ ರೇಡಿಯೋ ಥರ ಕಿರುಚುತ್ತೆ, ಸುಮ್ನೆ ದುಡ್ಡು ಕಳ್ಕೋಬೇಡ" ಅಂದಿದ್ದರು. ಅವರೊಬ್ಬರೇ ಅಲ್ಲ, ನನಗೆ ಗಿಟಾರ್ ಕಲಿಸಿದ ಮೇಷ್ಟ್ರೂ ಅದನ್ನೇ ಹೇಳಿದ್ದರು. ಈಗ ಕೆಲಸ ಮಾಡಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು ಬಿಬಿಇ ಸೋನಿಕ್ ಮ್ಯಾಕ್ಸಿಮೈಸರ್ 482ಐ. ಎರಡು ಚಾನೆಲ್, ಚಾನೆಲ್ಲಿಗೆ ಎರಡೇ ನಾಬ್, ಒಂದು ಲೋ ಕಾಂಟೂರ್ (ಕೆಳಗಿನ ಸ್ವರಗಳಿಗೆ), ಇನ್ನೊಂದು ಪ್ರೋಸೆಸ್ (ಮೇಲಿನ ಚುರುಕಿಗೆ). ಅದು ಒಳಗೆ ಮಾಡುವುದು ಇಷ್ಟೇ: ಕೆಳಗಿನ ಸ್ವರಗಳನ್ನು ಚೂರು ತಡ ಮಾಡಿ, ಮೇಲಿನ ಚುರುಕನ್ನು ಎತ್ತಿ, ಸೌಂಡನ್ನು ಬಿಡಿಬಿಡಿಯಾಗಿ ಕೇಳಿಸುತ್ತದೆ. ನನ್ನ ಕಷ್ಟ ಇದ್ದಿದ್ದು ಆರ್ಕೆಸ್ಟ್ರಾದಲ್ಲಿ. ಎರಡು ಕೀಬೋರ್ಡ್, ರಿದಮ್ ಪ್ಯಾಡ್, ಡೋಲಕ್, ತಬಲಾ, ಬೇಸ್, ಮೇಲೆ ಇಬ್ಬರು ಹಾಡುವವರು. ಇಷ್ಟರ ಮಧ್ಯೆ ಗಿಟಾರ್ ಎಲ್ಲಿ ಕೇಳಬೇಕು? ಟ್ರೆಬಲ್ ಜಾಸ್ತಿ ಮಾಡಿದರೆ ಕಿವಿ ಕೊಯ್ಯುತ್ತದೆ. ಮಿಡ್ ಜಾಸ್ತಿ ಮಾಡಿದರೆ ಮೂಗಿನಲ್ಲಿ ಹಾಡಿದ ಹಾಗೆ ಆಗುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಸೌಂಡ್‌ನವರು ಅಲ್ಲಿಂದಲೇ ಕೈ ಎತ್ತಿ ಬೈಯುತ್ತಾರೆ. ಮನೆಯಲ್ಲಿ ಒಬ್ಬನೇ ಕೂತು ನುಡಿಸಿದಾಗ ಚೆನ್ನಾಗಿರುವ ಟೋನು ಸ್ಟೇಜ್ ಮೇಲೆ ಕಂಬಳಿ ಹೊದ್ದು ಮಲಗಿದ ಹಾಗೆ ಇರುತ್ತಿತ್ತು. ಪೆಡಲ್ ಬದಲಾಯಿಸಿದೆ, ಪಿಕಪ್ ಬದಲಾಯಿಸಿದೆ, ಎರಡು ವರ್ಷದಲ್ಲಿ ಹತ್ತಿರ ಹತ್ತಿರ 25 ಸಾವಿರ ಅದಕ್ಕೇ ಹೋಯಿತು.

ಡಬ್ಬಿ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್. ಗೆಳೆಯನ ಭಾವ ಅಮೆರಿಕದಿಂದ ಬರುವಾಗ ತಂದುಕೊಟ್ಟರು, ನನಗೆ ಬಿದ್ದಿದ್ದು ಸುಮಾರು 8 ಸಾವಿರ. ತಂದ ದಿನ ಸಂಜೆಯೇ ಅವಸರದಲ್ಲಿ ಪ್ಲಗ್ ಪಿನ್ ಅಡಾಪ್ಟರ್ ಹಾಕಿ ಗೋಡೆಗೆ ಚುಚ್ಚಿದೆ. ಅದು 120 ವೋಲ್ಟಿನ ಮಾಲು. ನಮ್ಮದು 230. 'ಟಪ್' ಅಂತ ಒಂದು ಸದ್ದು, ಆಮೇಲೆ ವಾರ್ನಿಶ್ ಸುಟ್ಟ ವಾಸನೆ. ಒಂದು ಟೋನೂ ಕೇಳದೆ 8 ಸಾವಿರ ಹೋಯಿತು ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಒಬ್ಬ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಅವರು ಬಿಚ್ಚಿ ನೋಡಿ, "ಬೋರ್ಡಿಗೆ ಏನೂ ಆಗಿಲ್ಲ ಸಾರ್, ಟ್ರಾನ್ಸ್‌ಫಾರ್ಮರ್ ಮಾತ್ರ ಹೋಗಿದೆ" ಅಂದರು. ಸೆಕೆಂಡರಿ ವೋಲ್ಟೇಜ್ ಲೆಕ್ಕ ಹಾಕಿ, 230 ವೋಲ್ಟಿಗೆ ಹೊಸದಾಗಿ ವೈಂಡಿಂಗ್ ಮಾಡಿಸಿ ಕೂರಿಸಿದರು. ಎಲ್ಲ ಸೇರಿ 1,100 ಇರಬೇಕು. ಈಗ ನೋಡಿದರೆ ಇದೇ ಒಳ್ಳೆಯದಾಯಿತು, ಪ್ರತಿ ಪ್ರೋಗ್ರಾಮಿಗೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋಗುವ ಕೆಲಸ ತಪ್ಪಿತು. ಆದರೆ ನೀವು ಹೊರಗಿನಿಂದ ತರಿಸುತ್ತಿದ್ದರೆ ದಯವಿಟ್ಟು ಮೊದಲು ಡಬ್ಬಿಯ ಹಿಂದೆ ಬರೆದಿರುವುದನ್ನು ಓದಿ.

ರಿಪೇರಿ ಆಗಿ ಬಂದ ಮೇಲೆ ಶುರುವಾಯಿತು ನಿಜವಾದ ತೊಂದರೆ. ಮೊದಲು ಗಿಟಾರನ್ನು ನೇರ ಡಬ್ಬಿಗೆ ಹಾಕಿ ಅಲ್ಲಿಂದ ಆಂಪಿಗೆ ತಗೊಂಡೆ. ಸತ್ತೇ ಹೋಯಿತು ಸೌಂಡು. ಬ್ಯಾಟರಿ ಇಲ್ಲದ ಪ್ಯಾಸಿವ್ ಪಿಕಪ್ಪಿಗೆ ಲೈನ್ ಇನ್‌ಪುಟ್ ಭಾರ ಆಗುತ್ತದೆ, ಮೇಲಿನ ಭಾಗವೆಲ್ಲ ಅಲ್ಲೇ ಹೋಗಿಬಿಡುತ್ತದೆ. ಹೋಗಿದ್ದನ್ನು ವಾಪಸ್ ತರೋಣ ಅಂತ ಪ್ರೋಸೆಸ್ 8ಕ್ಕೆ ತಿರುಗಿಸಿದರೆ ಬಂದಿದ್ದು ಬರೀ ಹಿಸ್, ಸುಯ್ ಅನ್ನುವ ಸದ್ದು. ಆಮೇಲೆ ಓವರ್‌ಡ್ರೈವ್ ಪೆಡಲ್ ಆದ ಮೇಲೆ, ಡಿಸ್ಟಾರ್ಷನ್ ಪೆಡಲಿಗೆ ಮುಂಚೆ ಇಟ್ಟೆ (ಎರಡೂ ಸೌಂಡನ್ನು ಒಡೆದು ಗರಗರ ಮಾಡುವವು). ಅದು ಇನ್ನೂ ಕೆಟ್ಟದು. ಡಬ್ಬಿ ಎತ್ತಿಕೊಟ್ಟ ಚುರುಕನ್ನೆಲ್ಲ ಡಿಸ್ಟಾರ್ಷನ್ ಅರೆದು ಪುಡಿ ಮಾಡಿತು, ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಹಾಗೆ ಚರಚರ ಅನ್ನುತ್ತಿತ್ತು.

ಸರಿ, ಎಲ್ಲರೂ ಹೇಳುವ ಹಾಗೆ ಆಂಪಿನ ಎಫೆಕ್ಟ್ಸ್ ಲೂಪಿಗೆ ಹಾಕಿದೆ, ಅಂದರೆ ಸಿಗ್ನಲ್ ಆಂಪಿನ ಒಳಗಿಂದ 'ಸೆಂಡ್' ಜಾಕಿನಲ್ಲಿ ಹೊರಗೆ ಬಂದು 'ರಿಟರ್ನ್' ಜಾಕಿನಲ್ಲಿ ವಾಪಸ್ ಹೋಗುವ ದಾರಿಗೆ. ಇಲ್ಲಿ ನಾನು ಮೂರು ವಾರ ಕಳೆದೆ. ಸೌಂಡ್ ಚುರುಕಾಗಿದೆ, ಆದರೆ ಒಳಗೆ ಟೊಳ್ಳು. ಕೊಳವೆಯಲ್ಲಿ ಮಾತಾಡಿದ ಹಾಗೆ. ಕೆಳಗಿನ ಇ ತಂತಿಯಲ್ಲಿ ಪಾಮ್ ಮ್ಯೂಟ್ ಮಾಡಿದರೆ (ಅಂಗೈಯ ಅಂಚು ತಂತಿಗೆ ಒತ್ತಿ ನುಡಿಸಿದರೆ) ಎದೆಗೆ ಬಡಿಯಬೇಕಾದ ಪೆಟ್ಟು ಬರುತ್ತಲೇ ಇರಲಿಲ್ಲ. ಕೇಬಲ್ ಬದಲಾಯಿಸಿದೆ, ಚಾನೆಲ್ ಬದಲಾಯಿಸಿದೆ, ವೈಂಡಿಂಗ್ ಮಾಡಿದವರ ಮೇಲೂ ಅನುಮಾನ ಬಂತು. ಮಾರಿಬಿಡೋಣ ಅಂತ ಒಬ್ಬರ ಜತೆ 6 ಸಾವಿರಕ್ಕೆ ಮಾತೂ ಆಗಿತ್ತು.

ಮಾರುವ ಹಿಂದಿನ ದಿನ ಆಂಪಿನ ಧೂಳು ಒರೆಸುತ್ತಿದ್ದೆ. ಹಿಂಬದಿಯ ಲೂಪ್ ಮಿಕ್ಸ್ ನಾಬ್ ಅರ್ಧದಲ್ಲಿ ನಿಂತಿತ್ತು. ಅಂದರೆ ನನ್ನ ಆಂಪಿನದು ಪ್ಯಾರಲಲ್ ಲೂಪ್, ಮೂಲ ಸೌಂಡು (ಡ್ರೈ) ಮತ್ತು ಡಬ್ಬಿಯಿಂದ ಬಂದದ್ದು (ವೆಟ್) ಎರಡನ್ನೂ ಬೆರೆಸುವಂಥದ್ದು! ಈ ಡಬ್ಬಿ ಕೆಳಗಿನ ಸ್ವರಗಳನ್ನು ಸುಮಾರು 2.5 ಮಿಲಿಸೆಕೆಂಡ್, ಮಧ್ಯದ್ದನ್ನು ಅರ್ಧ ಮಿಲಿಸೆಕೆಂಡ್ ತಡ ಮಾಡಿ ಕಳಿಸುತ್ತದೆ. ಅದರ ಪಕ್ಕದಲ್ಲೇ ತಡವಾಗದ ಡ್ರೈ ಸೌಂಡ್ ಬಂದು ಕೂಡಿದರೆ ಒಂದನ್ನೊಂದು ತಿಂದುಹಾಕುತ್ತವೆ, ಟೊಳ್ಳಾಗದೆ ಇನ್ನೇನಾಗುತ್ತದೆ? ನಾಬನ್ನು ಪೂರ್ತಿ ವೆಟ್ ಕಡೆಗೆ ತಿರುಗಿಸಿದೆ. ಒಂದು ಜಿ ಕಾರ್ಡ್ ಹೊಡೆದೆ. ಆರೂ ತಂತಿ ಬೇರೆಬೇರೆಯಾಗಿ ಕೇಳಿದವು. ಪಿಕ್ ತಂತಿಗೆ ತಾಗಿ ಬಿಡುವ ಆ ಸಣ್ಣ ಟಿಕ್ ಕೂಡ. ಅರ್ಧ ಗಂಟೆ ಅದೇ ಕಾರ್ಡ್ ನುಡಿಸುತ್ತಾ ಕೂತಿದ್ದೆ, ಮನೆಯವಳು ಬಂದು "ಬೇರೆ ಏನಾದ್ರೂ ನುಡಿಸ್ರೀ" ಅನ್ನುವವರೆಗೆ. ಕೊಳ್ಳಬೇಕಾಗಿದ್ದವರಿಗೆ ಫೋನ್ ಮಾಡಿ ಕ್ಷಮಿಸಿ ಅಂದೆ.

ಲೂಪಿನಲ್ಲಿ ಡ್ರೈ ಒಂದು ಹನಿಯೂ ಬೆರೆಯಬಾರದು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು. "ನಾನು ಟ್ರೈ ಮಾಡಿದ್ದೆ, ಗಿಟಾರಿಗೆ ಆಗಲ್ಲ ಅದು" ಅಂದ ಇಬ್ಬರ ಆಂಪ್ ಆಮೇಲೆ ನೋಡಿದೆ, ಇಬ್ಬರದೂ ಪ್ಯಾರಲಲ್ ಲೂಪೇ.

ಆಮೇಲೆ ಲೆವೆಲ್. ನನ್ನ ಆಂಪಿನ ಲೂಪಿಗೆ ಮೈನಸ್ 10, ಪ್ಲಸ್ 4 ಅಂತ ಸ್ವಿಚ್ ಇದೆ, ಮೊದಲನೆಯದು ಮೆಲ್ಲಗಿನ ಸಿಗ್ನಲ್, ಎರಡನೆಯದು ಜೋರಿನದು (ಲೈನ್ ಲೆವೆಲ್). ಮೈನಸ್ 10ರಲ್ಲಿ ಹಿಸ್ ಜಾಸ್ತಿ ಕೇಳುತ್ತಿತ್ತು. ಪ್ಲಸ್ 4ಕ್ಕೆ ಹಾಕಿದ ತಕ್ಷಣ ಹಿಸ್ ಅಡಗಿತು, ಆದರೆ ಡಬ್ಬಿ ಆದ ಮೇಲೆ ಇದ್ದ ಡಿಲೇ ಪೆಡಲ್ (ಸ್ವರವನ್ನು ಮತ್ತೆ ಮತ್ತೆ ಕೇಳಿಸುವಂಥದ್ದು) ತಡೆಯಲಾರದೆ ಒಡೆಯತೊಡಗಿತು. ಪೆಡಲ್‌ಗಳಿಗೆ ಅಷ್ಟು ಜೋರು ಸಿಗ್ನಲ್ ಆಗಿಬರಲ್ಲ. ಕೊನೆಗೆ ಒಂದು ಹಳೆ ರ‍್ಯಾಕ್ ಡಿಲೇಯನ್ನೇ ತಗೊಂಡೆ, 4 ಸಾವಿರ ಚಿಲ್ಲರೆ. ಈಗ ಸೆಂಡ್‌ನಿಂದ ಗೇಟ್ (ನುಡಿಸದೆ ಇದ್ದಾಗ ಹಿಸ್ ಮುಚ್ಚುವ ಡಬ್ಬಿ), ಗೇಟಿನಿಂದ ಬಿಬಿಇ, ಅಲ್ಲಿಂದ ಡಿಲೇ, ಆಮೇಲೆ ರಿಟರ್ನ್. ಲೈನ್ ಲೆವೆಲ್ ತಡೆಯುವ ಗೇಟೇ ಬೇಕು, ನನ್ನದು ಒಬ್ಬ ಸೌಂಡ್‌ನವರ ಹತ್ತಿರ 1,500ಕ್ಕೆ ಸಿಕ್ಕಿದ ಹಳೆಯ ರ‍್ಯಾಕ್ ಗೇಟು. ಡಿಲೇಯನ್ನು ಬಿಬಿಇಗೆ ಮುಂಚೆ ಇಟ್ಟರೆ ಪ್ರತಿ ರಿಪೀಟೂ ಚುರುಕಾಗಿ ಮುಂದೆ ಬಂದು ನಿಲ್ಲುತ್ತದೆ, ಹಾಡುವವರ ಮೇಲೆ ಹೋಗುತ್ತದೆ. ರಿಪೀಟು ಸ್ವಲ್ಪ ಮಂಕಾಗಿ ಹಿಂದೆಯೇ ಇರಬೇಕು, ಅಲ್ವಾ?

ಸೆಟ್ಟಿಂಗ್ ಕೇಳುವವರಿಗೆ: ಪ್ರೋಸೆಸ್ 4ರ ಹತ್ತಿರ. ಡಿಸ್ಟಾರ್ಷನ್ ಜಾಸ್ತಿ ಇರುವ ಹಾಡಿಗೆ 3. ಲೋ ಕಾಂಟೂರ್ ಮನೆಯಲ್ಲಿ 5 ಇಟ್ಟರೆ ಸ್ವರ್ಗ. ಸ್ಟೇಜ್ ಮೇಲೆ ಅದೇ 5 ಇಟ್ಟು ಅರಸೀಕೆರೆಯಲ್ಲಿ ನುಡಿಸಿದೆ, ಬೇಸ್ ನುಡಿಸುವ ಹುಡುಗ ಎರಡನೇ ಹಾಡಿಗೇ ತಿರುಗಿ ನೋಡಿದ, "ಅಣ್ಣಾ, ನನ್ ಜಾಗಕ್ಕೆ ಬರ್ತಿದೀರ" ಅಂದ. ಅವನು ಹೇಳಿದ್ದು ಸರಿ. ಈಗ 2 ದಾಟಿಸುವುದಿಲ್ಲ. ಇನ್ನೊಂದು ಮಾತು, ಬೈಪಾಸ್ (ಡಬ್ಬಿಯ ಕೆಲಸ ನಿಲ್ಲಿಸಿ ಸಿಗ್ನಲನ್ನು ಹಾಗೇ ಬಿಡುವ ಗುಂಡಿ) ಒತ್ತಿ ಒತ್ತಿ ಹೋಲಿಸುವಾಗ ಹುಷಾರಾಗಿರಿ. ಆನ್ ಮಾಡಿದಾಗ ಸೌಂಡೇ ಸ್ವಲ್ಪ ಜೋರಾಗುತ್ತದೆ, ಜೋರಾಗಿದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ನಾನು ಫೋನಿನಲ್ಲಿ ಡಿಬಿ ಮೀಟರ್ ಇಟ್ಟುಕೊಂಡು ಮಾಸ್ಟರನ್ನು ತಗ್ಗಿಸಿ ಎರಡೂ ಒಂದೇ ಮಟ್ಟಕ್ಕೆ ತಂದು ಆಮೇಲೆ ಕೇಳಿದೆ. ಆಗಲೂ ಆನ್ ಇದ್ದಿದ್ದೇ ಗೆದ್ದಿತು, ಆದರೆ 7ರಲ್ಲಿ ಅಲ್ಲ, 4ರಲ್ಲಿ.

ಈ 4 ಅನ್ನುವುದು 12 ಇಂಚಿನ ಗಿಟಾರ್ ಸ್ಪೀಕರಿಗೆ ಹೇಳಿದ ಲೆಕ್ಕ. ಆ ಸ್ಪೀಕರ್ 5 ಸಾವಿರ ಹರ್ಟ್ಜ್ ದಾಟಿದ ಮೇಲೆ ತಾನೇ ಇಳಿದುಹೋಗುತ್ತದೆ. ಅದೇ ಸಿಗ್ನಲನ್ನು ಲೈನಿನಲ್ಲಿ, ಅಂದರೆ ಮೈಕಿಲ್ಲದೆ ನೇರ ಕೇಬಲಿನಲ್ಲಿ, ಮಿಕ್ಸರಿಗೆ ಕೊಟ್ಟರೆ, ಅಲ್ಲಿನ ದೊಡ್ಡ ಸ್ಪೀಕರುಗಳ ಹಾರ್ನ್‌ಗಳು ಒಂದನ್ನೂ ಬಿಡದೆ ಎಲ್ಲವನ್ನೂ ಹೊರಗೆ ಹಾಕುತ್ತವೆ. ಒಂದು ಜಾತ್ರೆಯಲ್ಲಿ ಮೈಕ್ ಸಾಲದೆ ಲೈನ್ ಕೊಟ್ಟು ಬಿಟ್ಟೆ, ಮುಂದಿನ ಸಾಲಿನಲ್ಲಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಅವತ್ತಿನಿಂದ ಆಂಪಿಗೆ ಮೈಕೇ, ಎಸ್‌ಎಂ57, ಕೋನಿನ ಮಧ್ಯಕ್ಕಲ್ಲ, ಡಸ್ಟ್ ಕ್ಯಾಪಿನ (ಸ್ಪೀಕರಿನ ನಡುವಿನ ಉಬ್ಬು ಮುಚ್ಚಳದ) ಅಂಚಿಗೆ. ಲೈನ್ ಕೊಡಲೇಬೇಕಾದರೆ ಎರಡನೇ ಚಾನೆಲ್ ಇದೆಯಲ್ಲ, ಅದನ್ನು ಬೇರೆ ಸೆಟ್ಟಿಂಗಿನಲ್ಲಿ ಮಿಕ್ಸರಿಗೆ ಬಿಡುತ್ತೇನೆ. ಅದಕ್ಕೆ ನಡುವೆ ಒಂದು ಸಣ್ಣ ವಸ್ತು ಸೇರಿಸಿದ್ದೇನೆ, 40 ರೂಪಾಯಿಯದ್ದು. ಅದೇನು ಅಂತ ಈಗ ಹೇಳುವುದಿಲ್ಲ, ನನಗೆ ಅದು ಸಿಗುವುದಕ್ಕೆ ಒಂದು ಸೀಸನ್ ಹಿಡಿದಿದೆ.

ಗುಂಯ್ ಅನ್ನುವ ಹಮ್ ಬಗ್ಗೆಯೂ ಹೇಳಬೇಕು. ಜನರೇಟರ್ ಮೇಲೆ ನಡೆಯುವ ಪ್ರೋಗ್ರಾಮಿನಲ್ಲಿ ರ‍್ಯಾಕ್ ಕೇಸಿನೊಳಗೆ ಹಾಕಿದ ಕೂಡಲೇ ಹಮ್ ಶುರುವಾಗುತ್ತಿತ್ತು, ಹೊರಗೆ ತೆಗೆದಿಟ್ಟರೆ ನಿಂತುಹೋಗುತ್ತಿತ್ತು. ಡಬ್ಬಿ, ಡಿಲೇ, ಗೇಟು ಮೂರೂ ರ‍್ಯಾಕಿನ ಕಬ್ಬಿಣದ ಪಟ್ಟಿಯಲ್ಲೇ ಒಂದಕ್ಕೊಂದು ಅರ್ಥ್ ಆಗುತ್ತಿದ್ದವು. ಸ್ಕ್ರೂಗಳಿಗೆ ನೈಲಾನ್ ವಾಷರ್ ಹಾಕಿ, ಡಬ್ಬಿಗಳು ಒಂದಕ್ಕೊಂದು ಮತ್ತು ಪಟ್ಟಿಗೆ ತಾಗದ ಹಾಗೆ ಮಾಡಿದೆ. ಮುಕ್ಕಾಲು ಭಾಗ ಹೋಯಿತು. ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್ಪಿನಿಂದ ಕೊಟ್ಟ ಮೇಲೆ ಉಳಿದಿದ್ದೂ ಹೋಯಿತು. ಕೆಲವರು ಹಮ್ ಬಂತು ಅಂತ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಮಾಡಬೇಡಿ. ಮಳೆಯಲ್ಲಿ ನೆನೆದ ಸ್ಟೇಜ್ ಮೇಲೆ ಒಂದು ಕೈ ಗಿಟಾರ್ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ. ಜೀವದ ವಿಷಯ ಇದು.

ಮಧ್ಯೆ ಬೇರೆ ಆಟಗಳನ್ನೂ ಆಡಿದ್ದೇನೆ. ಎರಡು ಚಾನೆಲ್ಲನ್ನು ಒಂದರ ಹಿಂದೆ ಒಂದು ಜೋಡಿಸಿ ನೋಡಿದೆ, ಎರಡು ನಿಮಿಷ ಚೆನ್ನಾಗಿರುತ್ತದೆ, ಹತ್ತು ನಿಮಿಷಕ್ಕೆ ತಲೆನೋವು. ಡೋಲಕ್ ಮೈಕಿಗೆ ಹಾಕಿದಾಗ ಬೆರಳಿನ ಪೆಟ್ಟು ತುಂಬಾ ಚೆನ್ನಾಗಿ ಬಿಡಿಸಿಕೊಂಡು ಬಂತು, ಆದರೆ ಮಾನಿಟರ್ ಕೂಗತೊಡಗಿತು. ಅಪ್ಪನ ಹಳೆ ಭಾವಗೀತೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕುವಾಗಲೂ ಇಟ್ಟು ನೋಡಿದೆ, ಕ್ಯಾಸೆಟ್ಟಿನ ಹಿಸ್ ಹಾಡಿಗಿಂತ ಮುಂದೆ ಬಂತು, ಅಲ್ಲಿಗೇ ಬಿಟ್ಟೆ. ಗೆಳೆಯನ ಸ್ಟುಡಿಯೋದಲ್ಲಿದ್ದ ಆಫೆಕ್ಸ್ ಆರಲ್ ಎಕ್ಸೈಟರನ್ನೂ ಒಂದು ವಾರ ತಂದಿಟ್ಟುಕೊಂಡಿದ್ದೆ. ಶುರುವಿನ ದಿನಗಳಲ್ಲಿ ಆಫೆಕ್ಸ್‌ನವರು ಅದನ್ನು ಮಾರುತ್ತಲೇ ಇರಲಿಲ್ಲವಂತೆ, ಬಾಡಿಗೆಗೆ ಮಾತ್ರ, ಮುಗಿದ ರೆಕಾರ್ಡಿಂಗಿನ ನಿಮಿಷಕ್ಕೆ 30 ಡಾಲರ್. ಕ್ಲೀನ್ ಗಿಟಾರಿಗೆ ಅದು ನಿಜವಾಗಿಯೂ ಚಂದ, ಬೆಳ್ಳಿ ತಂತಿ ಕಟ್ಟಿದ ಹಾಗೆ. ಆದರೆ ಅದು ಹೊಸ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ಸೇರಿಸುವ ಯಂತ್ರ, ಡಿಸ್ಟಾರ್ಷನ್ನಿನಲ್ಲಿ ಆಗಲೇ ಬೇಕಾದಷ್ಟು ಇರುತ್ತದೆ. ಅದರ ಮೇಲೆ ಇದನ್ನೂ ಸುರಿದರೆ ಮರಳು ಬೆರೆಸಿದ ಹಾಗೆ ಆಗುತ್ತದೆ. ಆರ್ಕೆಸ್ಟ್ರಾದಲ್ಲಿ ಒಂದು ಹಾಡು ಕ್ಲೀನ್, ಮುಂದಿನದು ಫುಲ್ ಡಿಸ್ಟಾರ್ಷನ್, ನನಗೆ ಬಿಬಿಇಯೇ ಸರಿ.

ಒಟ್ಟು ಖರ್ಚು ಕೇಳುತ್ತೀರಿ ಅಂತ ಗೊತ್ತು. ಡಬ್ಬಿ 8, ವೈಂಡಿಂಗ್ 1,100, ಡಿಲೇ 4 ಚಿಲ್ಲರೆ, ಗೇಟು ಒಂದೂವರೆ, ನಾಲ್ಕು ಯೂನಿಟ್ಟಿನ ಕೇಸು ಮೂರೂವರೆ, ಕೇಬಲ್ ಜಾಕ್ ಎಲ್ಲ ಸೇರಿ ಒಂದು ಸಾವಿರ. 20 ಸಾವಿರದ ಹತ್ತಿರ ಹತ್ತಿರ. ಪಿಕಪ್ಪು ಪೆಡಲ್ಲು ಅಂತ ಕಳೆದುಕೊಂಡಿದ್ದಕ್ಕಿಂತ ಕಡಿಮೆಯೇ. ಮುಂಚೆ ನನ್ನ ಆಂಪ್ ಮಾಸ್ಟರ್ 6ರಲ್ಲಿ ಇರುತ್ತಿತ್ತು, ಈಗ 4ರಲ್ಲಿ ಇಟ್ಟರೂ ಹಿಂದಿನ ಸಾಲಿನವರೆಗೆ ಲೀಡ್ ಕೇಳುತ್ತದೆ. ನಮ್ಮ ಕಡೆ ಇಷ್ಟು ಬಿಡಿಬಿಡಿಯಾಗಿ ಗಿಟಾರ್ ಕೇಳುವ ಆರ್ಕೆಸ್ಟ್ರಾ ಇನ್ನೊಂದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಅವತ್ತು ತಿಪಟೂರಿನಲ್ಲಿ ಅಣ್ಣನಿಗೆ ಡಬ್ಬಿ ತೋರಿಸಿದೆ. ಬಗ್ಗಿ ನೋಡಿದರು, ನಾಬ್ ಎಲ್ಲಿದೆ ಅಂತಲೂ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇ ಚಾನೆಲ್ ಖಾಲಿ ಇದ್ಯಾ?" ಅಂತ ಕೇಳಿದರು. ರಾಜ್ಯೋತ್ಸವದ ಪ್ರೋಗ್ರಾಂಗಳಿಗೆ ಅವರ ಕೀಬೋರ್ಡಿನ ಪಿಯಾನೋ ಅದರಲ್ಲೇ ಹೋಯಿತು, ಪ್ರೋಸೆಸ್ 2ರಲ್ಲಿ.